ಇಸವಿ ಕೊನೆಗೆ ನೋಡಿ: ಮನೆಯ ಹಳೇ ತಾಮ್ರದ ನಾಣ್ಯ ಗುರುತಿಸುವ ಬಗೆ

ಹಳೇಕೋಟೆ ಹೋಬಳಿಯಿರಲಿ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಕಡೆಯಿರಲಿ, ಹಳೆಯ ಮನೆಯ ಅಟ್ಟ ಗುಡಿಸುವಾಗಲೋ ಅಜ್ಜಿಯ ಟ್ರಂಕು ತಡಕುವಾಗಲೋ ಒಂದಷ್ಟು ಕಪ್ಪಿಟ್ಟ ತಾಮ್ರದ ಬಿಲ್ಲೆಗಳು ಸಿಗುವುದುಂಟು. ಸಿಕ್ಕ ಕೂಡಲೇ ಎರಡು ಕೆಲಸ ನಡೆದುಹೋಗುತ್ತವೆ. ಒಬ್ಬರು ಹುಣಸೆಹಣ್ಣು ಹಚ್ಚಿ ತಿಕ್ಕಲು ಕೂರುತ್ತಾರೆ. ಇನ್ನೊಬ್ಬರು ಕನ್ನಡಕ ಹಾಕಿಕೊಂಡು ಇಸವಿ ಹುಡುಕಿ, ಮೊಬೈಲಿನಲ್ಲಿ ಅದಕ್ಕೆಷ್ಟು ಲಕ್ಷ ಎಂದು ನೋಡುತ್ತಾರೆ. ಮೊದಲನೆಯದರಿಂದ ನಾಣ್ಯ ಕೆಡುತ್ತದೆ, ಎರಡನೆಯದರಿಂದ ತಲೆ ಕೆಡುತ್ತದೆ.

ನಿಮ್ಮ ಕೈಯಲ್ಲಿ ಇಂಥ ಬಿಲ್ಲೆಗಳ ಡಬ್ಬಿಯೊಂದು ಇದ್ದರೆ ನಾನು ಹೇಳುವುದು ಇಷ್ಟೇ: ಇಸವಿಯನ್ನು ಎಲ್ಲಕ್ಕಿಂತ ಕೊನೆಗೆ ನೋಡಿ. ನಮ್ಮ ಕಡೆ ಸಿಗುವ ತಾಮ್ರದ ನಾಣ್ಯಗಳಲ್ಲಿ ಇಸವಿಯಷ್ಟು ದಾರಿ ತಪ್ಪಿಸುವುದು ಬೇರೊಂದಿಲ್ಲ. ಕೆಲವುದರ ಮೇಲೆ ಅದು ಇಲ್ಲವೇ ಇಲ್ಲ. ಕೆಲವುದರ ಮೇಲೆ ಅಂಕಿಯಿದೆ, ಅದು ಇಸವಿಯಲ್ಲ. ಟಿಪ್ಪುವಿನ ಹಲವು ನಾಣ್ಯಗಳಲ್ಲಿ ಇಸವಿಯನ್ನು ಬಲದಿಂದ ಎಡಕ್ಕೆ ಓದಬೇಕು. ವಿಕ್ಟೋರಿಯಾ ರಾಣಿಯ ನಾಣ್ಯದಲ್ಲಿ ಒಂದೇ ಇಸವಿಯನ್ನು ಹತ್ತಾರು ವರ್ಷ ಒತ್ತಿದ್ದಾರೆ. ಜಾತ್ರೆಯಲ್ಲಿ ಮಾರುವ ನಕಲಿಗಳ ಮೇಲಂತೂ ಇಸವಿ ಬಹಳ ಸ್ಪಷ್ಟವಾಗಿ ಮೂಡಿರುತ್ತದೆ! ತೂಕ, ತಯಾರಾದ ರೀತಿ, ಲಿಪಿ, ಚಿತ್ರ ಈ ನಾಲ್ಕನ್ನು ನೋಡಿದ ಮೇಲೆ ಇಸವಿ ನೋಡಿದರೆ ಅದು ಉಪಯೋಗಕ್ಕೆ ಬರುತ್ತದೆ.

ಒಂದೇ ಡಬ್ಬಿಯಲ್ಲಿ ಇಷ್ಟು ಬಗೆ ಏಕೆ?

1799ರಲ್ಲಿ ಶ್ರೀರಂಗಪಟ್ಟಣ ಬಿದ್ದಮೇಲೆ ಮೈಸೂರಿನ ಗದ್ದುಗೆ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಬಂತು. ಆಡಳಿತ ದಿವಾನ್ ಪೂರ್ಣಯ್ಯನವರ ಕೈಯಲ್ಲಿತ್ತು. ಹೊಸ ಸರ್ಕಾರ ತನ್ನದೇ ಕಾಸು ಹೊಡೆಸಿತು, ಆದರೆ ಟಿಪ್ಪುವಿನ ಕಾಸು ಸಂತೆಯಿಂದ ಒಂದೇ ದಿನದಲ್ಲಿ ಮಾಯವಾಗಲಿಲ್ಲ. ಮದ್ರಾಸಿನಿಂದ ಈಸ್ಟ್ ಇಂಡಿಯಾ ಕಂಪನಿಯ ನಾಣ್ಯ ಬಂತು, ಘಟ್ಟ ಹತ್ತಿ ಪಶ್ಚಿಮದ ನಾಣ್ಯವೂ ಬಂತು. 1831ರಲ್ಲಿ ಕಂಪನಿ ಮೈಸೂರಿನ ಆಡಳಿತವನ್ನೇ ವಹಿಸಿಕೊಂಡಿತು. 1833ರಲ್ಲಿ ಮೈಸೂರಿನ ಟಂಕಸಾಲೆ ಬೆಂಗಳೂರಿಗೆ ಹೋಯಿತು, 1843ರಲ್ಲಿ ಮುಚ್ಚಿತು. ಅಷ್ಟರಲ್ಲಿ, 1835ರಲ್ಲಿ, ಕಂಪನಿ ತನ್ನ ಆಳ್ವಿಕೆಗೆಲ್ಲ ಒಂದೇ ಬಗೆಯ ನಾಣ್ಯ ತರಲು ಕಾಯ್ದೆ ಮಾಡಿತ್ತು. ಹಾಗಾಗಿ ಹಾಸನ ಸೀಮೆಯ ಒಂದು ಮನೆಯ ಡಬ್ಬಿಯಲ್ಲಿ ಆನೆ, ಸಿಂಹ, ತಕ್ಕಡಿ, ಕಂಪನಿಯ ಲಾಂಛನ, ರಾಣಿಯ ಮುಖ ಎಲ್ಲವೂ ಜೊತೆಯಾಗಿ ಕೂತಿದ್ದರೆ ಅಚ್ಚರಿಯಿಲ್ಲ.

1835ರ ನಂತರದ ಲೆಕ್ಕ ನಿಮ್ಮ ಮನೆಯ ಹಿರಿಯರಿಗೆ ಬಾಯಿಪಾಠವಾಗಿದ್ದೀತು: ರೂಪಾಯಿಗೆ 16 ಆಣೆ, ಆಣೆಗೆ 4 ಪೈಸೆ, ಪೈಸೆಗೆ 3 ಪೈ. ಅಂದರೆ ರೂಪಾಯಿಗೆ 64 ಪೈಸೆ, 192 ಪೈ. ಕಾಲಾಣೆ ಎಂದರೂ ಪೈಸೆ ಎಂದರೂ ಒಂದೇ ಬಿಲ್ಲೆ.

ಕೈಯೇಟು, ಯಂತ್ರದೇಟು

ಗುರುತಿಸುವ ಕೆಲಸದ ಬುಡ ಇರುವುದು ಇಲ್ಲಿ. ಹಳೆಯ ಪದ್ಧತಿಯಲ್ಲಿ ಕೆಳಗೊಂದು ಅಚ್ಚು, ಮೇಲೊಂದು ಅಚ್ಚು, ನಡುವೆ ಕಾಯಿಸಿದ ತಾಮ್ರದ ಬಿಲ್ಲೆ. ಮೇಲಿಂದ ಸುತ್ತಿಗೆಯ ಏಟು. ಅಚ್ಚು ಬಿಲ್ಲೆಗಿಂತ ಅಗಲ. ಆದ್ದರಿಂದ ಅಚ್ಚಿನಲ್ಲಿದ್ದ ಚಿತ್ರ ಪೂರ್ತಿಯಾಗಿ ಬಿಲ್ಲೆಯ ಮೇಲೆ ಬೀಳುವುದೇ ಅಪರೂಪ. ಒಂದರಲ್ಲಿ ಆನೆಯ ಸೊಂಡಿಲಿಲ್ಲ, ಇನ್ನೊಂದರಲ್ಲಿ ಬಾಲವಿಲ್ಲ, ಮತ್ತೊಂದರಲ್ಲಿ ಆನೆ ಪೂರ್ತಿಯಿದ್ದು ಮೇಲಿನ ಬರಹ ಬಿಲ್ಲೆಯ ಆಚೆ ಹೋಗಿದೆ. ಅಚ್ಚುಗಳನ್ನು ಕೈಯಲ್ಲೇ ಕೊರೆಯುತ್ತಿದ್ದರು, ಸವೆದಂತೆ ಹೊಸದು ಕೊರೆಯುತ್ತಿದ್ದರು. ಒಂದೇ ಬೆಲೆಯ ಒಂದೇ ವರ್ಷದ ಎರಡು ಕಾಸಿನಲ್ಲಿ ಆನೆಯ ಕಿವಿ ಬೇರೆ, ಕಾಲಿನ ನಿಲುವು ಬೇರೆ ಆಗಿರುವುದು ಇದರಿಂದಲೇ. ಸಂಗ್ರಾಹಕರು ಬಗೆ, ಉಪಬಗೆ ಎಂದು ಎಣಿಸುವುದೆಲ್ಲ ಬಹುಪಾಲು ಈ ಕೈಕೆಲಸದ ವ್ಯತ್ಯಾಸಗಳನ್ನೇ.

ಯಂತ್ರದ ನಾಣ್ಯದ ಮಾತು ಬೇರೆ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನ ಸೋಹೋ ಟಂಕಸಾಲೆಯಲ್ಲಿ ಮ್ಯಾಥ್ಯೂ ಬೌಲ್ಟನ್ ಉಗಿಯಂತ್ರದಿಂದ ನಾಣ್ಯ ಒತ್ತಿಸುತ್ತಿದ್ದರು. ಕಂಪನಿ ತನ್ನ ತಾಮ್ರದ ಕಾಸನ್ನು ಅಲ್ಲಿಂದ ಹಡಗಿನಲ್ಲಿ ತರಿಸುತ್ತಿತ್ತು. ಅವು ದುಂಡಗೆ, ತೆಳ್ಳಗೆ, ಸುತ್ತ ಒಂದೇ ದಪ್ಪ. ಚಿತ್ರ ನಟ್ಟನಡುವೆ ಇರುತ್ತದೆ.

ಈಗ ಕೈಗೆತ್ತಿಕೊಳ್ಳಿ

1. ತೊಳೆಯಬೇಡಿ. ಕಪ್ಪು, ಕಂದು, ಗಟ್ಟಿ ಹಸಿರು ಇವೆಲ್ಲ ತಾಮ್ರದ ಮೇಲ್ಮೈಯೇ ಗಾಳಿ, ನೀರಿನೊಡನೆ ಸೇರಿ ಆದ ಪದರ. ಸಣ್ಣ ಗೆರೆಗಳು ಈಗ ಉಳಿದಿರುವುದು ಆ ಪದರದಲ್ಲೇ. ಹುಣಸೆಯ ಹುಳಿ ಅದನ್ನು ಕರಗಿಸಿದರೆ ಗೆರೆಯೂ ಅದರ ಜೊತೆಗೇ ಹೋಗುತ್ತದೆ. ಬೂದಿ, ಪೀತಾಂಬರಿ ಪುಡಿ, ನಿಂಬೆಹಣ್ಣು, ಸೋಪುಪುಡಿ ಯಾವುದೂ ಬೇಡ. ದೇವರ ಪಾತ್ರೆ ಬೆಳಗುವ ಕೈಗೆ ಇದು ಕಷ್ಟವೆಂದು ಗೊತ್ತು. ಆದರೂ ತಡೆದುಕೊಳ್ಳಿ. ಮಣ್ಣು ಮೆತ್ತಿದ್ದರೆ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರಿನಲ್ಲಿ ಒಂದೆರಡು ದಿನ ನೆನೆಸಿ, ಮೆತ್ತನೆಯ ಬ್ರಷ್ಷಿನಿಂದ ಸವರಿ, ನೆರಳಿನಲ್ಲಿ ಪೂರ್ತಿ ಒಣಗಿಸಿ.

2. ತೂಗಿ. ಗ್ರಾಮಿನ ನೂರನೆಯ ಭಾಗದವರೆಗೆ ತೋರಿಸುವ ಸಣ್ಣ ಎಲೆಕ್ಟ್ರಾನಿಕ್ ತಕ್ಕಡಿ ಸಾಕು. ಪರಿಚಯದ ಚಿನ್ನಬೆಳ್ಳಿ ಅಂಗಡಿಯಲ್ಲಿ ಕೇಳಿದರೂ ತೂಗಿಕೊಟ್ಟಾರು. ತೂಕವನ್ನು ಚೀಟಿಯ ಮೇಲೆ ಬರೆದು ನಾಣ್ಯದ ಜೊತೆ ಇಡಿ. ತಾಮ್ರದ ನಾಣ್ಯದ ಬೆಲೆ ಅದರ ತೂಕಕ್ಕೆ ಕಟ್ಟುಬಿದ್ದಿತ್ತು. ಎರಡು ಕಾಸಿನ ಬಿಲ್ಲೆ ಒಂದು ಕಾಸಿನದ್ದಕ್ಕೆ ಹೆಚ್ಚುಕಡಿಮೆ ಎರಡು ಪಟ್ಟು ತೂಗಬೇಕು. ಮುಖ ಪೂರ್ತಿ ಸವೆದು ಬೋಳಾಗಿದ್ದರೂ ತೂಕ ನೋಡಿ ಬೆಲೆ ಹೇಳಬಹುದು. ಸವೆತಕ್ಕೆಂದು ಸ್ವಲ್ಪ ಕಡಿಮೆ ಹಿಡಿಯಿರಿ. ನಿಗದಿಗಿಂತ ಹೆಚ್ಚು ತೂಗಿದರೆ ಮಾತ್ರ ಅನುಮಾನಪಡಿ, ಸವೆದು ತೂಕ ಹೆಚ್ಚಿಸಿಕೊಂಡ ನಾಣ್ಯ ಲೋಕದಲ್ಲಿಲ್ಲ.

3. ಅಂಚು ನೋಡಿ. ಕೈಯೇಟೋ ಯಂತ್ರದ್ದೋ ತೀರ್ಮಾನಿಸಿ. ಡಬ್ಬಿಯನ್ನು ಇಲ್ಲಿಯೇ ಎರಡು ಗುಡ್ಡೆ ಮಾಡಿಬಿಡಿ.

4. ಓರೆ ಬೆಳಕಿನಲ್ಲಿ ಹಿಡಿಯಿರಿ. ನೆತ್ತಿಯ ಮೇಲಿನ ಟ್ಯೂಬ್‌ಲೈಟಿನಲ್ಲಿ ಏನೂ ಕಾಣದ ನಾಣ್ಯ, ಬೆಳಗಿನ ಕಿಟಕಿಯ ಬಳಿ ನಿಧಾನವಾಗಿ ತಿರುಗಿಸಿದರೆ ಗೆರೆ ಬಿಡುತ್ತದೆ. ತಗ್ಗಿನಲ್ಲಿ ನೆರಳು ಬೀಳುವುದರಿಂದ ಹೀಗೆ. ಫೋಟೋವನ್ನೂ ಈ ಬೆಳಕಿನಲ್ಲೇ, ನಾಲ್ಕು ದಿಕ್ಕಿನಿಂದ ತೆಗೆಯಿರಿ. ಹತ್ತು ಪಟ್ಟು ದೊಡ್ಡದಾಗಿ ತೋರುವ ಭೂತಗನ್ನಡಿ ಇದ್ದರೆ ಒಳ್ಳೆಯದು.

5. ಲಿಪಿ ಗುರುತಿಸಿ. ಓದಲು ಬರಬೇಕಿಲ್ಲ. ಕನ್ನಡವೋ, ಪಾರಸಿಯೋ, ಇಂಗ್ಲಿಷೋ, ಎರಡೆರಡು ಇವೆಯೋ ಎಂದು ತಿಳಿದರೆ ಸಾಕು.

6. ಚಿತ್ರ ನೋಡಿ, ಮುಖ್ಯವಾಗಿ ಚಿತ್ರದ ಮೇಲ್ಗಡೆ ಏನಿದೆ ಎಂದು ನೋಡಿ. ಕೆಳಗೆ ಹೇಳುವಂತೆ, ಆನೆಯ ತಲೆಯ ಮೇಲಿನ ಗುರುತೇ ರಾಜನ ಹೆಸರು ಹೇಳುತ್ತದೆ.

7. ಇನ್ನು ಇಸವಿ.

ಆನೆ ಕಾಸುಗಳು

ನಮ್ಮ ಸೀಮೆಯಲ್ಲಿ ಹೆಚ್ಚು ತಕರಾರು ಆನೆಯದ್ದೇ. ಆನೆ ಕಂಡರೆ ಸಾಕು, ಟಿಪ್ಪುವಿನದು ಎಂದುಬಿಡುತ್ತಾರೆ. ಆನೆಯನ್ನು ಒಡೆಯರೂ ಹೊಡೆಸಿದ್ದಾರೆ, ಹೈದರಾಲಿಯೂ ಹೊಡೆಸಿದ್ದಾನೆ, ಟಿಪ್ಪುವೂ ಹೊಡೆಸಿದ್ದಾನೆ, ಮತ್ತೆ ಮುಮ್ಮಡಿಯವರೂ ಹೊಡೆಸಿದ್ದಾರೆ.

ಅತಿ ಚಿಕ್ಕ, ದಪ್ಪನೆಯ ಬಿಲ್ಲೆಯ ಒಂದು ಕಡೆ ಆನೆ ಅಥವಾ ಒಂದು ಕನ್ನಡ ಅಂಕಿ, ಇನ್ನೊಂದು ಕಡೆ ಅಡ್ಡ ಉದ್ದ ಗೆರೆ ಎಳೆದ ಚೌಕಳಿ ಇದ್ದರೆ ಅದು ಹೈದರನಿಗಿಂತ ಹಿಂದಿನದು. ಕನ್ನಡ ಅಂಕಿಗಳ ಈ ಕಾಸುಗಳನ್ನು ಮೈಸೂರು ಒಡೆಯರ ಕಾಲಕ್ಕೆ ಸೇರಿಸುವುದು ವಾಡಿಕೆ. ಅಂಕಿ ಒಂದರಿಂದ ಮೂವತ್ತರ ಆಚೀಚೆ ತನಕ ಬೆಳೆಯುತ್ತದೆ. ಅದು ಇಸವಿಯೂ ಅಲ್ಲ, ಬೆಲೆಯೂ ಅಲ್ಲ. ೨೨ ಎಂದಿದ್ದರೆ ಇಪ್ಪತ್ತೆರಡು ಕಾಸು ಎಂದುಕೊಳ್ಳಬೇಡಿ, ೧ ಎಂದಿರುವುದೂ ಅಷ್ಟೇ ತೂಗುತ್ತದೆ.

ಟಿಪ್ಪುವಿನ ಪೈಸೆ ಕೈಗೆ ಭಾರ. ಸುಮಾರು 11 ಗ್ರಾಂ ತೂಗುತ್ತದೆ. ಅದರರ್ಧ, ಕಾಲು, ಅರೆಕಾಲು ಭಾಗದ ಚಿಕ್ಕವೂ ಇವೆ, ಮೇಲೆ 22 ಗ್ರಾಮಿನ ಆಚೀಚೆಯ ಇಬ್ಬಡಿ ಪೈಸೆಯೂ ಇದೆ. ಆಳ್ವಿಕೆಯ ನಡುವೆ ಇವುಗಳಿಗೆ ಆಕಾಶದ ಹೆಸರುಗಳು ಬಂದವು. ಇಬ್ಬಡಿಗೆ ಮುಶ್ತರಿ, ಅಂದರೆ ಗುರುಗ್ರಹ. ಪೈಸೆಗೆ ಜೊಹರಾ, ಶುಕ್ರ. ಅರ್ಧಕ್ಕೆ ಬಹ್ರಾಮ್, ಮಂಗಳ. ಕಾಲಿಗೆ ಅಖ್ತರ್, ನಕ್ಷತ್ರ. ಅರೆಕಾಲಿಗೆ ಕುತುಬ್, ಧ್ರುವ. ಒಂದು ಮುಖದಲ್ಲಿ ಆನೆ. ಎಡಕ್ಕೋ ಬಲಕ್ಕೋ ನಡೆಯುತ್ತಿದೆ, ಸೊಂಡಿಲು ಎತ್ತಿದೆಯೋ ಇಳಿಸಿದೆಯೋ ಎಂಬುದೆಲ್ಲ ಉಪಬಗೆಯ ಗುರುತು. ಇನ್ನೊಂದು ಮುಖದಲ್ಲಿ ಪಾರಸಿ ಬರಹ: ಅಚ್ಚಾದ ಊರು ಅದರಲ್ಲಿದೆ. ಎಷ್ಟೋ ಊರಿಗೆ ಟಿಪ್ಪು ಹೊಸ ಹೆಸರಿಟ್ಟಿದ್ದ. ಚಿತ್ರದುರ್ಗ ಫರ್ರುಖ್‌ಯಾಬ್ ಹಿಸಾರ್ ಆಗಿತ್ತು, ಗುತ್ತಿ ಫೈಜ್ ಹಿಸಾರ್ ಆಗಿತ್ತು. ಶ್ರೀರಂಗಪಟ್ಟಣಕ್ಕೆ ಬರಿದೇ ಪಟನ್. ಬಿದನೂರು ನಗರವೆಂದೇ ಇದೆ. ಪಾರಸಿ ಬಾರದವರು ಪ್ರತಿ ಊರಿನ ಬರಹದ ಆಕಾರವನ್ನು ಚಿತ್ರದಂತೆ ನೆನಪಿಟ್ಟುಕೊಳ್ಳುವುದು ಸುಲಭ. ‘ಪಟನ್’ ಮೂರಕ್ಷರದ ಚಿಕ್ಕ ಬರಹ, ಮೊದಲು ಅದನ್ನೇ ಕಲಿಯಿರಿ. ಸಕಲೇಶಪುರದ ಬಳಿ ಮಂಜರಾಬಾದ್ ಕೋಟೆ ಟಿಪ್ಪು ಕಟ್ಟಿಸಿದ್ದೇ ಆದರೂ, ನಾಣ್ಯದ ಮೇಲೆ ಅದರ ಹೆಸರು ಹುಡುಕುತ್ತ ಕೂರಬೇಡಿ.

ಇಸವಿ ಓದುವುದು ಹೀಗೆ. ಮೊದಮೊದಲಿನ ನಾಣ್ಯಗಳ ಮೇಲಿರುವುದು ಹಿಜರಿ ಶಕ: 1197ರಿಂದ 1200ರ ತನಕ. ಆಮೇಲೆ ಟಿಪ್ಪು ತನ್ನದೇ ಮೌಲೂದಿ ಶಕ ತಂದ. ನಾಣ್ಯದ ಮೇಲೆ 1215ರಿಂದ ಆರಂಭ. ನಮ್ಮ ಪಂಚಾಂಗದಂತೆ ಅರವತ್ತು ಹೆಸರುಗಳ ಚಕ್ರವೂ ಆ ಶಕಕ್ಕೆ ಇತ್ತು. ಅಂಕಿಗಳನ್ನು ಬಲದಿಂದ ಎಡಕ್ಕೆ ಬರೆಸಿದ್ದೂ ಈ ಶಕದಿಂದಲೇ. 1222 ಎಂಬುದು ನಮ್ಮ ಕಣ್ಣಿಗೆ 2221 ಎಂದು ಕಾಣುತ್ತದೆ. ಮೌಲೂದಿ ವರ್ಷಕ್ಕೆ 572 ಕೂಡಿಸಿ: 1222 ಅಂದರೆ ಕ್ರಿ.ಶ. 1794ರ ಸುಮಾರು. ಪಾರಸಿ ಅಂಕಿಯಲ್ಲಿ ಒಂದು ಎಂದರೆ ನೆಟ್ಟಗಿನ ಗೆರೆ, ಎರಡಕ್ಕೆ ಗೆರೆಯ ತಲೆಯಲ್ಲಿ ಒಂದು ಕೊಕ್ಕೆ, ಸೊನ್ನೆ ಬರೀ ಚುಕ್ಕೆ. ಏಳು ಮೇಲ್ಮುಖ ಬಾಯಿ ತೆರೆದಿದೆ, ಎಂಟು ಅದನ್ನು ಬೋರಲು ಹಾಕಿದ್ದು. ಇಷ್ಟು ಗೊತ್ತಿದ್ದರೆ ಮುಕ್ಕಾಲು ಪಾಲು ನಾಣ್ಯ ಓದಬಹುದು. ಇಸವಿ ಬಿಲ್ಲೆಯ ಆಚೆ ಹೋಗಿದ್ದರೆ ಇನ್ನೊಂದು ದಾರಿಯಿದೆ: ಕೊನೆಯ ನಾಲ್ಕು ವರ್ಷ ವರ್ಷಕ್ಕೊಂದರಂತೆ ಅಲಿಫ್, ಬೇ, ತೇ, ಸೇ ಎಂಬ ಅಕ್ಷರ ಹಾಕಿದ್ದಾರೆ, 1224ಕ್ಕೆ ಅಲಿಫ್, 1227ಕ್ಕೆ ಸೇ. ಆನೆಯ ಹತ್ತಿರ ಒಂಟಿ ಅಕ್ಷರ ಕಂಡರೆ ಬಿಡಬೇಡಿ. ಇದನ್ನೆಲ್ಲ ಕ್ರಮವಾಗಿ ಪಟ್ಟಿಮಾಡಿದವರು ಜೆ.ಆರ್. ಹೆಂಡರ್ಸನ್, ಹೈದರ್ ಟಿಪ್ಪು ನಾಣ್ಯಗಳ ಮೇಲಿನ ಅವರ ಪುಸ್ತಕ 1921ರಲ್ಲಿ ಮದ್ರಾಸಿನಲ್ಲಿ ಅಚ್ಚಾಯಿತು. ಇಂದಿಗೂ ಇದನ್ನು ಬಿಟ್ಟು ಮುಂದೆ ಹೋಗುವಂತಿಲ್ಲ.

ಮುಮ್ಮಡಿಯವರ ಆನೆಯ ಮೇಲೆ ಪಾರಸಿ ಇಸವಿ ಇರುವುದಿಲ್ಲ. ಅದರ ಬದಲು ಸೂರ್ಯಚಂದ್ರ, ಅಥವಾ ‘ಶ್ರೀ’, ಮುಂದಿನ ಕಾಲದಲ್ಲಿ ‘ಶ್ರೀ ಚಾಮುಂಡಿ’ ಎಂಬ ಕನ್ನಡ ಬರಹ. ಪೂರ್ಣಯ್ಯನವರ ಕಾಲದ ಆನೆಗೆ ಸೂರ್ಯಚಂದ್ರರೇ ಗುರುತು. ಇನ್ನೊಂದು ಮುಖದಲ್ಲಿ ಬೆಲೆಯನ್ನು ಕನ್ನಡದಲ್ಲಿ ‘ಮಯಿಲಿ ಕಾಸು’ ಇಷ್ಟು ಎಂದು ಬರೆದು, ಇಂಗ್ಲಿಷಿನಲ್ಲೂ ಕೊಟ್ಟಿರುತ್ತಾರೆ: ಇಪ್ಪತ್ತು ಕಾಸಿಗೆ ರೋಮನ್ ಅಂಕಿಯ ಎರಡು ‘ಎಕ್ಸ್’, ಹತ್ತಕ್ಕೆ ಒಂದು, ಐದಕ್ಕೆ ‘ವಿ’. ಕೈಯಲ್ಲಿ ಕೊರೆದ ಅಚ್ಚಾದ್ದರಿಂದ ಇಂಗ್ಲಿಷ್ ಅಕ್ಷರಗಳು ಸೊಟ್ಟಪಟ್ಟ. ಅದು ನಕಲಿಯ ಲಕ್ಷಣವಲ್ಲ.

1833ರಿಂದಾಚೆಗೆ ಆನೆ ಹೋಗಿ ಸಿಂಹ ಬಂತು. ಸಿಂಹದ ಮೇಲೆ ‘ಶ್ರೀ ಚಾಮುಂಡಿ’, ಹಿಂದುಗಡೆ ನಡುವೆ ‘ಕೃಷ್ಣ’. ಇಪ್ಪತ್ತರ ಬದಲು ಇಪ್ಪತ್ತೈದು ಕಾಸು, ಅದರರ್ಧ, ಅದರ ಕಾಲು. ಈ ಸಾಲಿನಲ್ಲಿ ಕ್ರಿಸ್ತಶಕದ ಇಸವಿ ಇಂಗ್ಲಿಷ್ ಅಂಕಿಯಲ್ಲೇ ಇದೆ, 1843ರವರೆಗೆ. ಮೈಸೂರು ಕಾಸುಗಳಲ್ಲಿ ಕಣ್ಣುಮುಚ್ಚಿ ಓದಬಹುದಾದ ಇಸವಿ ಇದೊಂದೇ, ಆದರೆ ನಾಣ್ಯ ಸವೆದಾಗ ಮೊದಲು ಅಳಿಸಿಹೋಗುವುದೂ ಅದೇ.

ಕಂಪನಿಯ ಕಾಸುಗಳು

ಮದ್ರಾಸಿಗೆಂದು ಸೋಹೋದಲ್ಲಿ ಒತ್ತಿಸಿದ ಕಾಸುಗಳ ಮೇಲಿರುವ ಇಸವಿ 1803 ಮತ್ತು 1808. ಇದರಲ್ಲೂ ‘ಎಕ್ಸ್ ಎಕ್ಸ್ ಕ್ಯಾಶ್’ ಎಂದಿದೆ, ಮೈಸೂರಿನದ್ದರಲ್ಲೂ ಹಾಗೇ ಇದೆ. ಇವೆರಡನ್ನು ಒಂದೇ ಎಂದು ತಿಳಿಯುವುದು ಸಾಮಾನ್ಯ. ಬೇರ್ಪಡಿಸುವುದು ಸುಲಭ. ಮದ್ರಾಸಿನದು ಯಂತ್ರದ್ದು, 31 ಮಿಲಿಮೀಟರಿನಷ್ಟು ಅಗಲ, 9.3 ಗ್ರಾಂ, ಒಂದು ಕಡೆ ಕಂಪನಿಯ ಲಾಂಛನ, ಇನ್ನೊಂದು ಕಡೆ ಪಾರಸಿ. ಕನ್ನಡವಿಲ್ಲ. ಮೈಸೂರಿನದು ಕೈಯೇಟಿನದು, ಅಗಲ ಕಡಿಮೆ, ದಪ್ಪ ಹೆಚ್ಚು. ಹತ್ತು ಕಾಸಿನ ಮದ್ರಾಸು ಬಿಲ್ಲೆ 4.6 ಗ್ರಾಂ ಆಚೀಚೆ, ಐದರದ್ದು 2.3. ಒಂದು ಕಾಸಿನದು ಬೆರಳುಗುರಿನಷ್ಟಿದೆ, ಅದರಲ್ಲಿ ಕಿರೀಟ ಹಿಡಿದ ಸಿಂಹ.

1808ರ ಹತ್ತು, ಇಪ್ಪತ್ತು ಕಾಸಿನ ವಿಚಾರದಲ್ಲಿ ಒಂದು ಕಥೆಯಿದೆ. ಅವನ್ನು ಮದ್ರಾಸಿಗೆ ತರುತ್ತಿದ್ದ ‘ಅಡ್ಮಿರಲ್ ಗಾರ್ಡನರ್’ ಹಡಗು 1809ರ ಜನವರಿಯಲ್ಲಿ ಇಂಗ್ಲೆಂಡಿನ ಗುಡ್‌ವಿನ್ ಮರಳದಿಬ್ಬದಲ್ಲಿ ಮುಳುಗಿತು. 1980ರ ದಶಕದಲ್ಲಿ ಮುಳುಗುಗಾರರು ರಾಶಿಗಟ್ಟಲೆ ಮೇಲೆತ್ತಿದರು, ಅವು ಲೋಕದ ಮಾರುಕಟ್ಟೆಗೆಲ್ಲ ಹರಡಿದವು. ಚಲಾವಣೆಯ ಸವೆತವೇ ಇಲ್ಲದೆ, ಉಪ್ಪುನೀರಿನ ಸಣ್ಣ ಕುಳಿ ಮಾತ್ರ ಬಿದ್ದ 1808ರ ಕಾಸನ್ನು ಯಾರಾದರೂ ‘ನಮ್ಮ ತಾತನ ಕಾಲದಿಂದ ಇದೆ’ ಎಂದು ಮಾರಲು ಬಂದರೆ, ಆ ತಾತ ಸಮುದ್ರದ ತಳದಲ್ಲಿದ್ದರೇ ಎಂದು ಕೇಳಬಹುದು.

ತಕ್ಕಡಿಯ ಚಿತ್ರ, ತಟ್ಟೆಗಳ ನಡುವೆ ಪಾರಸಿಯಲ್ಲಿ ನ್ಯಾಯ ಎಂಬರ್ಥದ ‘ಅದ್ಲ್’ ಬರಹ ಇದ್ದರೆ ಬೊಂಬಾಯಿಯ ನಾಣ್ಯ. ‘48 ಸೇರಿದರೆ ಒಂದು ರೂಪಾಯಿ’ ಎಂದು ಇಂಗ್ಲಿಷಿನಲ್ಲಿದ್ದು ಇಸವಿ 1794 ಅಥವಾ 1797 ಇದ್ದರೆ ಆಂಧ್ರದ ಕರಾವಳಿಯ ಉತ್ತರ ಸರ್ಕಾರುಗಳಿಗೆ ಮಾಡಿಸಿದ್ದು. ‘ವಿಓಸಿ’ ಅಕ್ಷರ ಹೆಣೆದ ಚಿಕ್ಕ ಬಿಲ್ಲೆ ಡಚ್ಚರದು.

1835ರ ಕಾಲಾಣೆಯೇ ನಿಮ್ಮ ಡಬ್ಬಿಯಲ್ಲಿ ಅತಿ ಹೆಚ್ಚು ಇರಬಹುದಾದದ್ದು: ಒಂದು ಕಡೆ ಎರಡು ಸಿಂಹ ಹಿಡಿದ ಲಾಂಛನ, ಇನ್ನೊಂದು ಕಡೆ ಎಲೆಯ ಹಾರದೊಳಗೆ ಬೆಲೆ. ಅದೇ ಇಸವಿಯನ್ನು ಅನೇಕ ವರ್ಷ ಒತ್ತಿದ್ದಾರೆ, ಒಂದಕ್ಕಿಂತ ಹೆಚ್ಚು ಟಂಕಸಾಲೆಗಳಲ್ಲಿ. ಹಾಗಾಗಿ 1835 ಎಂಬ ಬರಹ ಇಲ್ಲಿ ಏನನ್ನೂ ಹೇಳುವುದಿಲ್ಲ. ಬಗೆ ಬೇಕಿದ್ದರೆ ಹಾರದ ತುದಿಯ ಎಲೆ, ಹಣ್ಣಿನ ಗುಂಡುಗಳು, ಅಕ್ಷರಗಳ ಗಾತ್ರ ಎಣಿಸಿ ಹೋಲಿಸಬೇಕು. 1857 ಮತ್ತು 1858ರ ಇಸವಿಯವು ಇಂಗ್ಲೆಂಡಿನಲ್ಲಿ ಆದವು.

ತೂಕಗಳನ್ನು ಇಲ್ಲಿ ಬರೆದಿಟ್ಟುಕೊಳ್ಳಿ, ವಿಕ್ಟೋರಿಯಾ ಕಾಲಕ್ಕೂ ಇವೇ: ಅರ್ಧ ಆಣೆ 12.95 ಗ್ರಾಂ, ಕಾಲಾಣೆ 6.48, ಅರ್ಧ ಪೈಸೆ 3.24, ಒಂದು ಪೈ 2.16.

ರಾಣಿ, ರಾಜರ ಮುಖಗಳು

ವಿಕ್ಟೋರಿಯಾಳ ಮುಖದ ಸುತ್ತ ‘ಕ್ವೀನ್’ ಎಂದಿದ್ದರೆ 1862ರಿಂದ 1876ರ ಸಾಲು, ‘ಎಂಪ್ರೆಸ್’ ಎಂದಿದ್ದರೆ 1877ರಿಂದ 1901. ಕಾಲಾಣೆಯ ಮೇಲೆ 1862 ಬಿಟ್ಟರೆ ಮುಂದಿನ ಇಸವಿ 1874. ನಡುವಿನ ವರ್ಷಗಳಲ್ಲಿ ಒತ್ತಿದ್ದೆಲ್ಲ 1862 ಎಂದೇ. ಆದ್ದರಿಂದ 1862ರ ಕಾಲಾಣೆ ಬಹಳ ಸಾಮಾನ್ಯ. ನೂರೈವತ್ತು ವರ್ಷ ಹಳೆಯದೆಂದು ಅಪರೂಪವಾಗುವುದಿಲ್ಲ.

ಏಳನೆಯ ಎಡ್ವರ್ಡ್‌ನ ನಾಣ್ಯದಲ್ಲಿ ತಕ್ಕಡಿ ಇಲ್ಲದೆ ಬಗೆಹರಿಯದ ಒಂದು ಗಂಟಿದೆ. 1906ರಲ್ಲಿ ತಾಮ್ರ ಹೋಗಿ ಕಂಚು ಬಂತು, ತವರ ಮತ್ತು ಸತು ಸ್ವಲ್ಪ ಬೆರೆಸಿದ ತಾಮ್ರ. ಗಟ್ಟಿ ಲೋಹವಾದ್ದರಿಂದ ಬಿಲ್ಲೆಯನ್ನು ತೆಳ್ಳಗೆ ಮಾಡಿದರು. 1906ರ ಇಸವಿಯಲ್ಲಿ ಎರಡೂ ಇವೆ, ಚಿತ್ರವೂ ಒಂದೇ. 6.48 ಗ್ರಾಮಿನ ಹತ್ತಿರ ಬಂದರೆ ತಾಮ್ರದ ಕಾಲಾಣೆ, 4.86ರ ಹತ್ತಿರ ಬಂದರೆ ಕಂಚಿನದು. ಕಣ್ಣಳತೆಗೆ ಇಲ್ಲಿ ಕೆಲಸವಿಲ್ಲ.

ಐದನೆಯ ಜಾರ್ಜ್‌ನ 1911ರ ನಾಣ್ಯಗಳಲ್ಲಿ ರಾಜನ ನಿಲುವಂಗಿಯ ಮೇಲಿನ ಪುಟ್ಟ ಆನೆಯ ಸೊಂಡಿಲು ಮೊಟಕು. ನೋಡಿದವರಿಗೆ ಹಂದಿಯಂತೆ ಕಂಡು ಗಲಾಟೆಯಾಯಿತು, ಮುಂದಿನ ವರ್ಷ ತಿದ್ದಿದರು. ಆರನೆಯ ಜಾರ್ಜ್ ಕಾಲದಲ್ಲಿ, ಎರಡನೆಯ ಮಹಾಯುದ್ಧದ ಲೋಹದ ಬರದಿಂದಾಗಿ 1943ರಿಂದ 1947ರವರೆಗೆ ನಡುವೆ ತೂತಿರುವ ಪೈಸೆ ಬಂತು. ಅದು ಪ್ರತಿ ಮನೆಯಲ್ಲೂ ಇದೆ. ಮಕ್ಕಳ ಉಡಿದಾರಕ್ಕೆ ಕಟ್ಟಿದ್ದೂ ಉಂಟು.

ಸಾಮಾನ್ಯವಾಗಿ ಆಗುವ ತಪ್ಪುಗಳು

ರಾಮ, ಸೀತೆ, ಲಕ್ಷ್ಮಣ, ಹನುಮಂತ ಒಂದು ಕಡೆ. ಇನ್ನೊಂದು ಕಡೆ ಇಂಗ್ಲಿಷಿನಲ್ಲಿ ಈಸ್ಟ್ ಇಂಡಿಯಾ ಕಂಪನಿ, 1818, ಅರ್ಧ ಆಣೆ ಅಥವಾ ಒಂದಾಣೆ. ಇದು ಕಂಪನಿಯ ನಾಣ್ಯವೇ ಅಲ್ಲ. ಜಾತ್ರೆ, ತೀರ್ಥಕ್ಷೇತ್ರಗಳಲ್ಲಿ ಮಾರಲು ಆಮೇಲೆ ಮಾಡಿದ ಬಿಲ್ಲೆ. ಹೇಗೆ ಹೇಳುತ್ತೀರಿ ಎಂದರೆ, ಬ್ರಿಟಿಷ್ ಭಾರತದಲ್ಲಿ ಒಂದಾಣೆ ಎಂಬ ನಾಣ್ಯ ಚಲಾವಣೆಗೆ ಬಂದದ್ದೇ 1907ರಲ್ಲಿ, ಅದೂ ತಾಮ್ರದ್ದಲ್ಲ, ನಿಕ್ಕಲ್ ಬೆರೆಸಿದ್ದು. 1818ರ ಒಂದಾಣೆ ಎಲ್ಲಿಂದ ಬರಬೇಕು? 1616, 1717 ಎಂಬ ಇಸವಿಯ ಇಂಥವೂ ಇವೆ. ದೇವರ ಮನೆಯಲ್ಲಿಟ್ಟು ಪೂಜಿಸುವವರು ಪೂಜಿಸಲಿ, ಅದು ಅವರವರ ಭಕ್ತಿ. ದುಡ್ಡು ಕೊಟ್ಟು ಕೊಳ್ಳಬೇಡಿ.

ಇದೇ ಬಿಲ್ಲೆಯ ಹೆಸರಿನಲ್ಲಿ ‘ಅಕ್ಕಿ ಎಳೆಯುವ ನಾಣ್ಯ’ದ ಮೋಸ ನಡೆಯುತ್ತದೆ. ಅಕ್ಕಿಕಾಳು ಬಿಲ್ಲೆಯತ್ತ ಸರಿಯುವುದನ್ನು ತೋರಿಸಿ, ಇದರಲ್ಲಿ ಇರಿಡಿಯಂ ಇದೆ, ಕೋಟಿ ಬೆಲೆ, ಪರೀಕ್ಷೆಗೆಂದು ಮುಂಗಡ ಕೊಡಿ ಎನ್ನುತ್ತಾರೆ. ತಾಮ್ರ ಅಕ್ಕಿಯನ್ನು ಎಳೆಯುವುದಿಲ್ಲ. ಎಳೆಯುತ್ತಿರುವುದು ಕಾಳಿಗೆ ಸೇರಿಸಿದ ಕಬ್ಬಿಣದ ಪುಡಿ ಮತ್ತು ಅಡಗಿಸಿಟ್ಟ ಅಯಸ್ಕಾಂತ. ಹೊಲ ಅಡವಿಟ್ಟು ಕಳೆದುಕೊಂಡವರಿದ್ದಾರೆ. ಅಂಥವರು ಬಂದರೆ ಪೊಲೀಸ್ ಠಾಣೆಗೆ ಹೇಳಿ.

ಮೊಬೈಲಿನಲ್ಲಿ ಹಳೇ ನಾಣ್ಯಕ್ಕೆ ಲಕ್ಷ ಕೊಡುತ್ತೇವೆ, ಮೊದಲು ನೋಂದಣಿ ಶುಲ್ಕ ಕಟ್ಟಿ ಎಂಬ ಜಾಹೀರಾತು ಇನ್ನೊಂದು. ರಿಸರ್ವ್ ಬ್ಯಾಂಕಿನ ಹೆಸರನ್ನೂ ಬಳಸಿಕೊಳ್ಳುತ್ತಾರೆ. ತಾನು ಇಂಥ ವ್ಯವಹಾರ ಮಾಡುವುದಿಲ್ಲ, ಶುಲ್ಕವನ್ನೂ ಕೇಳುವುದಿಲ್ಲ ಎಂದು ಬ್ಯಾಂಕು 2021ರ ಆಗಸ್ಟ್‌ನಲ್ಲೇ ಪ್ರಕಟಣೆ ಹೊರಡಿಸಿದೆ. ಕೊಳ್ಳುವವನು ನಿಮಗೆ ಕೊಡಬೇಕೇ ಹೊರತು ನಿಮ್ಮಿಂದ ಕೇಳಬಾರದು.

ಟಿಪ್ಪುವಿನ ಇಬ್ಬಡಿ ಪೈಸೆಯಂಥದ್ದಕ್ಕೆ ಎರಕದ ನಕಲಿಗಳಿವೆ. ಅಂಚಿನ ಸುತ್ತ ಜೋಡಣೆಯ ಗೆರೆ, ಮೇಲ್ಮೈಯಲ್ಲಿ ಗುಳ್ಳೆ ಒಡೆದ ಸೂಜಿಮೊನೆ ತೂತು, ಅಕ್ಷರದ ಅಂಚು ಮೊಂಡು, ತೂಕದಲ್ಲಿ ಏರುಪೇರು; ಇವುಗಳಲ್ಲಿ ಎರಡು ಒಟ್ಟಿಗೆ ಕಂಡರೆ ಬಿಟ್ಟುಬಿಡಿ. ಅಯಸ್ಕಾಂತಕ್ಕೆ ಅಂಟಿದರೆ ಒಳಗೆ ಕಬ್ಬಿಣ.

ಇಡುವ ಬಗೆ

ಅರಕಲಗೂಡಿನ ಆಚೆ ಮಲೆನಾಡಿನ ಸೆರಗಿನ ಊರುಗಳಲ್ಲಿ ಮಳೆಗಾಲದ ತೇವವೇ ದೊಡ್ಡ ಶತ್ರು. ಗಟ್ಟಿಯಾಗಿ ಕೂತ ಕಡುಹಸಿರಿನ ಬಗ್ಗೆ ಚಿಂತೆ ಬೇಡ. ಮುಟ್ಟಿದರೆ ಉದುರುವ ತಿಳಿಹಸಿರು ಪುಡಿ ಕಂಡರೆ ಮಾತ್ರ ಆ ನಾಣ್ಯವನ್ನು ತಕ್ಷಣ ಬೇರೆ ಇಡಿ: ಉಪ್ಪಿನಂಶ ಸೇರಿ ಲೋಹವನ್ನು ಒಳಗಿಂದ ತಿನ್ನುತ್ತಿದೆ, ತೇವ ಸಿಕ್ಕಷ್ಟೂ ಹೆಚ್ಚುತ್ತದೆ. ಬೆವರಿನ ಬೆರಳಿನಿಂದ ಮುಖ ಮುಟ್ಟದೆ ಅಂಚು ಹಿಡಿಯಿರಿ. ಮೆತ್ತಗಿನ, ವಾಸನೆ ಬರುವ ಪಿವಿಸಿ ಪ್ಲಾಸ್ಟಿಕ್ ಚೀಲದಲ್ಲಿ ಇಟ್ಟರೆ ಅದು ಬೆವೆತು ನಾಣ್ಯದ ಮೇಲೆ ಹಸಿರು ಜಿಗುಟು ಕೂರುತ್ತದೆ. ಒಂದೊಂದನ್ನೂ ಬೇರೆ ಬೇರೆ ಕಾಗದದ ಲಕೋಟೆಯಲ್ಲಿಟ್ಟು, ಡಬ್ಬಿಗೆ ಔಷಧಿ ಸೀಸೆಯಲ್ಲಿ ಬರುವ ಸಿಲಿಕಾ ಪೊಟ್ಟಣ ಹಾಕಿ. ಲಕೋಟೆಯ ಮೇಲೆ ತೂಕ, ಅಗಲ, ಲಿಪಿ, ಚಿತ್ರದ ಗುರುತು ಬರೆದು, ಯಾರ ಮನೆಯಲ್ಲಿ ಎಲ್ಲಿ ಸಿಕ್ಕಿತೆಂದೂ ಬರೆಯಿರಿ. ಬೆಲೆ ಹೇಗೂ ಏರಿಳಿಯುತ್ತದೆ. ಸಿಕ್ಕ ಜಾಗದ ಮಾಹಿತಿ ಒಮ್ಮೆ ಹೋದರೆ ಹೋಯಿತು.

ಹೋಲಿಸಿ ನೋಡಲು ಹಾಸನದ ಮಹಾರಾಜ ಪಾರ್ಕಿನ ಸರ್ಕಾರಿ ವಸ್ತುಸಂಗ್ರಹಾಲಯದಿಂದ ಆರಂಭಿಸಿ, ಬೆಂಗಳೂರಿಗೆ ಹೋದಾಗ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯವನ್ನೂ ಕೇಳಿ. ತೂಕ ಬರೆದ ಚೀಟಿ ಮತ್ತು ಓರೆ ಬೆಳಕಿನ ಫೋಟೋ ಒಯ್ದರೆ ಬಲ್ಲವರು ಬೇಗ ಉತ್ತರ ಕೊಡುತ್ತಾರೆ.

ಕಾನೂನಿನ ಎರಡು ಮಾತು. ಮನೆಯಲ್ಲಿ ತಲೆಮಾರಿನಿಂದ ಬಂದದ್ದು ಬೇರೆ, ಮಣ್ಣಿನಲ್ಲಿ ಸಿಕ್ಕಿದ್ದು ಬೇರೆ. ನೂರು ವರ್ಷ ಮೀರಿದ ನಾಣ್ಯ 1972ರ ಕಾಯ್ದೆಯ ಪ್ರಕಾರ ಪುರಾತನ ವಸ್ತು, ಅದನ್ನು ವಿದೇಶಕ್ಕೆ ಕಳಿಸುವಂತಿಲ್ಲ. ಅಮೆರಿಕದ ಮಗನಿಗೆ ಉಡುಗೊರೆಯಾಗಿ ಕೂಡ. ಇನ್ನು ಹೊಲ ಉಳುವಾಗಲೋ ಪಾಯ ತೋಡುವಾಗಲೋ ಮಡಕೆಯಲ್ಲಿ ಹೂತ ನಾಣ್ಯ ಸಿಕ್ಕರೆ, ಕರ್ನಾಟಕದಲ್ಲಿ ಅದಕ್ಕೆ 1962ರ ನಿಧಿ ಕಾಯ್ದೆಯಿದೆ, ಜಿಲ್ಲಾಧಿಕಾರಿಗೆ ತಿಳಿಸಬೇಕು. ಪಾಲು ಹಂಚಿಕೊಳ್ಳಲು ಹೋಗದೆ ಸಿಕ್ಕ ಜಾಗದ, ಮಡಕೆಯ, ನಾಣ್ಯ ಕೂತ ರೀತಿಯ ಫೋಟೋ ತೆಗೆದು ಜಿಲ್ಲಾಧಿಕಾರಿ ಕಚೇರಿಗೆ ಬರಹದಲ್ಲಿ ಕೊಟ್ಟು, ಸ್ವೀಕೃತಿ ಪಡೆದುಕೊಳ್ಳಿ.